ಬಲಗಡೆಯ ಕಾಜಾ

ಮಾರಾತ್ತಾಳ ಅಂಗಡಿಯ ಹಲಗೆ ಈಗಲೂ ಅಲ್ಲೇ ತೂಗುತ್ತಿದೆ. ಬಣ್ಣ ಹೋಗಿದೆ, ಒಂದು ಮೂಲೆಯನ್ನು ಗೆದ್ದಲು ತಿಂದಿದೆ, ಆದರೂ ‘ಜೆಂಟ್ಸ್ ಟೈಲರ್’ ಎಂಬ ಎರಡು ಮಾತನ್ನು ಓದಬಹುದು. ಆ ಎರಡು ಮಾತಿಗಾಗಿ ಅವಳು ಪಟ್ಟ ಪಾಡನ್ನು ನಾನಲ್ಲದೆ ಇನ್ಯಾರು ಹೇಳಬೇಕು? ನಲವತ್ತು ವರ್ಷ ಆ ಅಂಗಡಿಯ ಮೂಲೆಯಲ್ಲಿ ಕೂತು ಕಾಜಾ ಹೊಲಿದವಳು ನಾನು, ಪೊನ್ನಾತ್ತಾ. ಗುಂಡಿ ತೂರಿಸುವ ತೂತನ್ನು ಕತ್ತರಿಸಿ, ಅದರ ಅಂಚಿಗೆ ಒತ್ತಾಗಿ ದಾರ ಸುತ್ತುವುದೇ ಕಾಜಾ ಕೆಲಸ. ನಮ್ಮೂರು ಮಡತ್ತುಕುಳದ ಗಂಡಸರ ಎದೆಯ ಮೇಲಿನ ಕಾಜಾಗಳಲ್ಲಿ ಅರ್ಧದಷ್ಟು ನನ್ನ ಕೈಯವು. ಜಂಬ ಕೊಚ್ಚುತ್ತಿದ್ದಾಳೆ ಅಂದುಕೊಂಡರೆ ಅಂದುಕೊಳ್ಳಿ.

ಮಾರಾತ್ತಾಳ ಗಂಡ ಚೆನ್ನಿಯಪ್ಪನ್ ಒಳ್ಳೆಯ ಟೈಲರ್ ಎಂದು ಊರಿಗೆಲ್ಲ ಹೆಸರು. ಅವನು ಅಳತೆ ತೆಗೆದು ಬಟ್ಟೆ ಕತ್ತರಿಸುತ್ತಿದ್ದ. ಪರದೆಯ ಹಿಂದೆ ಮೆಷಿನ್ ತುಳಿದು ಕಾಲರ್ ಕೂರಿಸಿ ತೋಳು ಜೋಡಿಸುತ್ತಿದ್ದವಳು ಇವಳು. ಹೆಸರು ಮಾತ್ರ ಅವನದು. ಅವನೇನೂ ಕೆಟ್ಟವನಲ್ಲ, ಆದರೆ ಯಾರಾದರೂ ಕಾಲರ್ ಹೊಗಳಿದರೆ ಒಂದು ಸಲವೂ ಪರದೆಯ ಕಡೆಗೆ ತಿರುಗಿ ನೋಡಿದವನಲ್ಲ. ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಕಾಮಾಲೆ ಹಿಡಿದು ಹತ್ತೇ ದಿನಕ್ಕೆ ಹೋಗಿಬಿಟ್ಟ. ಆಗ ಅವಳಿಗೆ ಮೂವತ್ತೊಂದು. ಕರ್ಮ ಮುಗಿದ ಮಾರನೇ ಬೆಳಿಗ್ಗೆ ಅವಳು ಅಂಗಡಿಯ ಬಾಗಿಲು ತೆಗೆದು, ಪರದೆ ಕಿತ್ತು ಮಡಿಸಿಟ್ಟು, ಮೆಷಿನ್ನನ್ನು ಬೀದಿಗೆ ಕಾಣುವಂತೆ ಎಳೆದುಕೊಂಡು ಕೂತಳು.

ಊರವರು ಅವಳು ಇನ್ನು ರವಿಕೆ ಹೊಲಿಯುತ್ತಾಳೆ ಎಂದುಕೊಂಡರು. ನಾನೂ ಹಾಗೇ ಅಂದುಕೊಂಡು, ನನ್ನದೊಂದು ರವಿಕೆ ಬಟ್ಟೆ ತೆಗೆದುಕೊಂಡು ಹೋದೆ. ಅವಳು ಅದನ್ನು ಮುಟ್ಟಲೂ ಇಲ್ಲ.

“ರವಿಕೆಗೆ ಈ ಊರಲ್ಲಿ ಏಳು ಜನ ಇದಾರೆ ಪೊನ್ನಾತ್ತಾ. ನಂಗೆ ಬರೋದು ಅಂಗಿ. ನಾನು ಅದನ್ನೇ ಹೊಲೀತೀನಿ.”

ಹೊಲಿಯಲು ಬಟ್ಟೆ ಬರಬೇಕಲ್ಲ. ಗಂಡಸರು ಅವಳ ಅಂಗಡಿಯ ಮುಂದೆ ತಲೆ ತಗ್ಗಿಸಿ ದಾಟಿ ಎದುರಿನ ಅಂಗಮುತ್ತು ಮಾಸ್ತರನ ಅಂಗಡಿ ಹತ್ತುತ್ತಿದ್ದರು. ಹೆಂಗಸಿನ ಮುಂದೆ ಎದೆಯುಬ್ಬಿಸಿ ನಿಂತು ಟೇಪು ಸುತ್ತಿಸಿಕೊಳ್ಳುವುದೆಂದರೆ ಅವರಿಗೆ ಪ್ರಾಣ ಹೋದಷ್ಟು ಸಂಕಟ. ಎರಡು ತಿಂಗಳು ಅವಳು ಹಳೇ ಬಟ್ಟೆಗೆ ತೇಪೆ ಹಾಕುತ್ತ ಕಾಲ ತಳ್ಳಿದಳು. ಅಷ್ಟರಲ್ಲಿ ಅಂಗಡಿಯ ಮಾಲೀಕ ಕುಪ್ಪಣ್ಣ ಗೌಂಡರಿಗೆ ತಮ್ಮ ಅಕ್ಕನ ಮಗ ನೆನಪಾದ. ಅವನಿಗೆ ಮೈಕ್ ಸೆಟ್ಟಿನ ಅಂಗಡಿ ಇಡಬೇಕಂತೆ, ಜಾಗ ಬೇಕಂತೆ. ಗೌಂಡರು ದಪ್ಪ ಆಸಾಮಿ, ದೊಡ್ಡ ಮೀಸೆ, ಕೂತರೆ ಅಂಗಿಯ ಗುಂಡಿಗಳ ನಡುವೆ ಹೊಟ್ಟೆ ಇಣುಕುತ್ತಿತ್ತು. ಮನುಷ್ಯ ಕಟುಕನಲ್ಲ, ಆದರೆ ಒಳ್ಳೆಯ ಮಾತನ್ನೂ ಚುಚ್ಚಿ ಹೇಳಿಯೇ ಅಭ್ಯಾಸ.

“ಜೆಂಟ್ಸ್ ಟೈಲರ್ ಅಂತ ಹಲಗೆ ಇದೆ, ಜೆಂಟ್ಸೇ ಕಾಣ್ತಿಲ್ಲ” ಎಂದರು. “ಮೀಸೆ ಇರೋ ಒಬ್ಬ ಗಂಡಸು ಈ ಬಜಾರಲ್ಲಿ ನಿನ್ನ ಟೇಪಿನ ಮುಂದೆ ಕೈ ಎತ್ತಿ ನಿಲ್ಲಲಿ ಅಮ್ಮಣಿ. ಆಮೇಲೆ ನಾನು ಬೀಗದಕೈ ಕೇಳಿದ್ರೆ ಕೇಳು. ದೀಪಾವಳಿ ತನಕ ನೋಡ್ತೀನಿ, ಇಲ್ಲಾಂದ್ರೆ ಜಾಗ ಖಾಲಿ ಮಾಡು.”

“ದೀಪಾವಳಿ ತನಕ ಅಂದ್ರಲ್ಲ ಗೌಂಡರೇ. ಅಷ್ಟು ಸಾಕು” ಎಂದಳು ಮಾರಾತ್ತಾ.

ಏನು ಸಾಕೋ, ನನಗಂತೂ ತಿಳಿಯಲಿಲ್ಲ. ನಾನು ಆಗಲೇ ಅವಳಿಗೆ ಜೊತೆಯಾಗಿ ಕೂರಲು ಶುರು ಮಾಡಿದ್ದೆ. ನನ್ನ ಗಂಡ ಸಕ್ಕರೆ ಕಾರ್ಖಾನೆಗೆ ಹೋದ ಮೇಲೆ ಮನೆಯಲ್ಲಿ ಗೋಡೆ ನೋಡುವುದಕ್ಕಿಂತ ಇವಳ ಮುಖ ನೋಡುವುದು ವಾಸಿ ಎನಿಸಿತ್ತು.

ಆ ಪುರಟ್ಟಾಸಿ ತಿಂಗಳಲ್ಲಿ, ದೀಪಾವಳಿಗೆ ಇನ್ನೂ ತಿಂಗಳ ಮೇಲಿರುವಾಗ, ಡೇರೆ ಟಾಕೀಸಿನವರು ಹೊಳೆಯ ಬದಿಯ ಜಾಗ ಬಿಟ್ಟು ನಮ್ಮ ಅಂಗಡಿಯ ಹಿಂದಿನ ಬಯಲಿಗೆ ಬಂದರು. ಬಂದವರೇ ಹಾಕಿದ ಚಿತ್ರ ‘ಮೂನ್ರಾವದು ಬೆಂಚು’, ಅಂದರೆ ಮೂರನೇ ಬೆಂಚು. ಮದ್ರಾಸಿನಲ್ಲಿ ಅದು ಒಂದು ವಾರವೂ ನಿಲ್ಲಲಿಲ್ಲವಂತೆ. ಹೆಸರಾಂತ ನಟರಿಲ್ಲ, ಕತ್ತಿವರಸೆ ಇಲ್ಲ, ದೇವರು ಪ್ರತ್ಯಕ್ಷವಾಗುವುದಿಲ್ಲ. ಕಾಲೇಜಿನ ಮೊದಲ ವರ್ಷದ ನಾಲ್ಕು ಹುಡುಗರು, ಮೂರು ಹುಡುಗಿಯರು ಒಂದೇ ಬೆಂಚಿನಲ್ಲಿ ಕೂರುತ್ತೇವೆಂದು ಹಟ ಹಿಡಿಯುತ್ತಾರೆ, ಪ್ರಿನ್ಸಿಪಾಲರು ಕೂಡದೆನ್ನುತ್ತಾರೆ. ಕಥೆ ಅಷ್ಟೇ. ನಡುವೆ ಸೈಕಲ್ ಸವಾರಿ, ಕೈಯಲ್ಲೊಂದು ರೇಡಿಯೋ, ಕಾಲೇಜಿನ ಮೆಟ್ಟಿಲ ಮೇಲೆ ಒಂದು ಕುಣಿತ. ಆ ಕುಣಿತದಲ್ಲಿ ನಾಯಕ ಹುಡುಗ ತೊಟ್ಟ ಅಂಗಿ ನಮ್ಮೂರ ಹುಡುಗರ ನಿದ್ದೆ ಕೆಡಿಸಿತು. ಭುಜದವರೆಗೆ ಚಾಚಿದ ಕಾಲರ್, ಮುಚ್ಚಳದ ಜೇಬು, ಹೆಗಲ ಮೇಲೆ ಪೊಲೀಸರಿಗಿದ್ದಂತೆ ಒಂದು ಪಟ್ಟಿ. ನಮ್ಮೂರಿನ ತಾಯಂದಿರು ಚಿತ್ರವನ್ನು ನೋಡದೆಯೇ ಬೈದರು, ಹುಡುಗರು ದಿನಾ ನೋಡಿದರು, ಹಾಗಾಗಿ ಅದು ನಮ್ಮಲ್ಲಿ ಹದಿನೆಂಟು ದಿನ ಓಡಿತು.

ಗಂಡ ಸತ್ತು ಮೂರು ತಿಂಗಳಾಗದ ಹೆಂಗಸು ಅಂಥ ಚಿತ್ರಕ್ಕೆ ಹೋಗುವಂತಿರಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲ. ಸೆಖೆಗೆಂದು ಡೇರೆಯ ಹಿಂಬದಿಯ ಟಾರ್ಪಾಲನ್ನು ಸುತ್ತಿ ಮೇಲೆ ಕಟ್ಟುತ್ತಿದ್ದರು. ನಮ್ಮ ಹಿತ್ತಿಲ ಬಾಗಿಲು ತೆರೆದರೆ ಎದುರಿಗೇ ಬಿಳಿ ಬಟ್ಟೆಯ ಪರದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮೊದಲ ಆಟ. ಅವಳು ಮೆಷಿನ್ನನ್ನು ಹಿತ್ತಿಲ ಬಾಗಿಲಿಗೆ ತಿರುಗಿಸಿಕೊಂಡು ತುಳಿಯುತ್ತ ನೋಡುತ್ತಿದ್ದಳು. ನಾನು ಲಾಂದ್ರದ ಬೆಳಕಿಗೆ ಮುಖ, ಪರದೆಗೆ ಬೆನ್ನು ಕೊಟ್ಟು ಸೂಜಿ ಹಿಡಿದಿರುತ್ತಿದ್ದೆ. ಸೂಜಿಯಿಂದ ಕಣ್ಣು ತೆಗೆದರೆ ಕೆಲಸ ಕೆಡುತ್ತದೆ. ನನಗೆ ಹಾಡು ಕೇಳಿಸುತ್ತಿತ್ತು, ಉಳಿದದ್ದನ್ನು ಅವಳು ಹೇಳುತ್ತಿದ್ದಳು.

“ಈಗಿನ ಕಾಲದ ಹುಡುಗರು ನೋಡು, ಎಡಗೈಲಿ ಇಡ್ಲಿ ತಿಂತಾವೆ” ಎಂದಳು ಎರಡನೇ ದಿನ.

“ಶಿವಶಿವಾ. ಹುಡುಗೀರು?”

“ಅವರೂ ಅಷ್ಟೇ. ಬರೆಯೋದೂ ಎಡಗೈಲೇ. ಆ ಹುಡುಗನ ಅಪ್ಪಾನೂ ಎಡಗೈಲೇ ಊಟ ಮಾಡ್ತಾನೆ. ಮದ್ರಾಸಲ್ಲಿ ಎಲ್ಲಾ ತಿರುಗುಮುರುಗು.”

ಹೆತ್ತವರು ಬೈಯುವುದರಲ್ಲಿ ಅರ್ಥವಿದೆ ಎಂದು ನಾನೂ ತಲೆಯಾಡಿಸಿದೆ. ಓದಲು ಬರುತ್ತಿದ್ದರೆ ಪರದೆಯ ಮೇಲಿನ ಅಕ್ಷರ ನೋಡಿಯಾದರೂ ಅವಳಿಗೆ ಸಂಶಯ ಬರುತ್ತಿತ್ತು. ಐದನೇ ಕ್ಲಾಸು ಓದಿದ ನಾನು ಬೆನ್ನು ತಿರುಗಿಸಿ ಕೂತಿದ್ದೆ. ಈಗ ನೆನೆದರೆ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕೆನಿಸುತ್ತದೆ.

ಹುಡುಗರು ಮೊದಲು ಅಂಗಮುತ್ತು ಮಾಸ್ತರನ ಹತ್ತಿರವೇ ಹೋದರು. ಹೆಗಲಿಗೆ ಪಟ್ಟಿ ಹಾಕಿಸಿಕೊಳ್ಳಲು ನೀವೇನು ಪೊಲೀಸರೋ, ಬ್ಯಾಂಡಿನವರೋ ಎಂದು ಕೇಳಿ ಅವನು ಅಟ್ಟಿದ. ಮರುದಿನ ಪೋಸ್ಟ್ ಮಾಸ್ತರರ ಮಗ ರಾಕ್ಕಿಯಪ್ಪನ್ ಬಟ್ಟೆಯನ್ನು ಪುಸ್ತಕದ ನಡುವೆ ಅಡಗಿಸಿಕೊಂಡು ನಮ್ಮ ಅಂಗಡಿ ಹತ್ತಿದ. ಹದಿನೇಳು ವರ್ಷ, ಪಕ್ಕದ ಪೇಟೆ ಉಡುಮಲೈಯಲ್ಲಿ ಕಾಲೇಜು, ತುಟಿಯ ಮೇಲೆ ಹೌದೋ ಅಲ್ಲವೋ ಎನ್ನುವಷ್ಟು ಕಪ್ಪು. ಆ ಅಂಗಿ ಹೊಲಿಯಲು ಬರುತ್ತದೆಯೇ ಎಂದು ಕೇಳಿದ. ಮಾರಾತ್ತಾ ಸೀಮೆಸುಣ್ಣ ತೆಗೆದು ಬಟ್ಟೆ ಕತ್ತರಿಸುವ ಹಲಗೆಯ ಮೇಲೆ ಆ ಕಾಲರನ್ನು ಒಂದೇ ಗೆರೆಯಲ್ಲಿ ಎಳೆದು ತೋರಿಸಿದಳು. ಹುಡುಗನ ಕಣ್ಣರಳಿತು. ಅಳತೆಗೆ ನಿಲ್ಲಲು ಮಾತ್ರ ಒಪ್ಪಲಿಲ್ಲ. ಅಮ್ಮ ಬೈಯುತ್ತಾಳೆ ಎಂದು ಮನೆಯಿಂದ ಹಳೇ ಅಂಗಿಯೊಂದನ್ನು ತಂದು ಅಳತೆಗೆ ಕೊಟ್ಟ.

ಅಂಗಿ ಸಿದ್ಧವಾಗಿ ಕಾಜಾಕ್ಕೆ ನನ್ನ ಕೈಗೆ ಬಂದಾಗ ನಾನು ತಡೆದೆ. ಗಂಡಸರ ಅಂಗಿಗೆ ಕಾಜಾ ಎಡಗಡೆ, ಗುಂಡಿ ಬಲಗಡೆ. ಜೇಬೂ ಎಡಕ್ಕೆ. ಇದರಲ್ಲಿ ಕಾಜಾದ ಪಟ್ಟಿ ಬಲಕ್ಕಿತ್ತು, ಜೇಬೂ ಬಲಕ್ಕೆ. ಹೆಂಗಸರ ಉಡುಪಿನ ರೀತಿ.

“ಅಕ್ಕಾ, ಅಳತೆ ಅಂಗಿ ನೋಡು. ಎಡಗಡೆ ಇದೆ.”

“ಅದು ಹಳೇ ಅಂಗಿ. ನಾನು ಐದು ದಿನ ಕಣ್ಣಾರೆ ನೋಡಿದೀನಿ, ಬಲಗಡೆನೇ. ಎಡಗೈಲಿ ಉಣ್ಣೋ ಹುಡುಗ ಗುಂಡಿನೂ ಆ ಕೈಲೇ ತಾನೆ ಹಾಕ್ಕೋಬೇಕು? ಹೇಳಿದ ಹಾಗೆ ಮಾಡು.”

ಎಷ್ಟು ಚೆನ್ನಾಗಿ ಹೊಂದಿಸಿದಳು ನೋಡಿ. ನಾನು ಬಾಯಿ ಮುಚ್ಚಿಕೊಂಡು ಬಲಗಡೆಗೇ ಏಳು ಕಾಜಾ ಕತ್ತರಿಸಿದೆ. ಅಂಗಿಯನ್ನು ಮಡಿಸಿ ಕೊಟ್ಟಾಗ ಹುಡುಗ ಕಾಲರ್ ಒಂದನ್ನೇ ನೋಡಿ ಕುಣಿಯುತ್ತ ಹೋದ. ಮೂರೇ ದಿನದಲ್ಲಿ ಇನ್ನೂ ಹತ್ತು ಹುಡುಗರು ಬಟ್ಟೆ ತಂದು ಸುರಿದರು. ಮಾರಾತ್ತಾ ಊಟ ಮರೆತಳು. ಗಂಡ ಹೋದ ಮೇಲೆ ಮೊದಲ ಸಲ ಅವಳು ಹಾಡಿನ ಒಂದು ಸಾಲು ಗುನುಗಿದ್ದನ್ನು ಕೇಳಿ ನನಗೆ ಹೊಟ್ಟೆ ತುಂಬಿದಂತಾಯಿತು. ಬಟ್ಟೆಯನ್ನೆಲ್ಲ ಒಂದೇ ಬಾರಿ ಕತ್ತರಿಸಿಬಿಟ್ಟಳು. ನಾಲ್ಕು ಅಂಗಿಗೆ ನಾನು ಕಾಜಾ ಮುಗಿಸಿದ್ದೆ.

ರಾಕ್ಕಿಯಪ್ಪನ್ ಅಂಗಿ ತೊಟ್ಟು ಬಜಾರಿಗೆ ಬಂದದ್ದು ಸಂತೆಯ ದಿನ. ಅಂಗಮುತ್ತು ಮಾಸ್ತರ್ ಕತ್ತರಿ ಕೆಳಗಿಟ್ಟು ಇಳಿದು ಬಂದು, ಹುಡುಗನ ಎದೆಯ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದೆತ್ತಿದ.

“ಏನ್ ಅಳಿಯಾ, ಅಕ್ಕನ ಅಂಗಿ ಹಾಕ್ಕೊಂಡು ಬಂದಿದೀಯ?” ಎಂದು ಸಂತೆಗೆಲ್ಲ ಕೇಳುವಂತೆ ಕೇಳಿದ. “ಹೆಂಗಸು ಹೊಲಿದ್ರೆ ಹೆಂಗಸಿನ ಅಂಗಿನೇ ಆಗೋದು.”

ತರಕಾರಿಯವರು ನಕ್ಕರು, ಎಣ್ಣೆಯವರು ನಕ್ಕರು. ಹುಡುಗನ ಕಿವಿ ಕೆಂಪಾಯಿತು. ಅವನು ನಮ್ಮ ಅಂಗಡಿಗೆ ಬಂದು ಅಂಗಿ ಬಿಚ್ಚಿ ಮೆಷಿನ್ನಿನ ಮೇಲೆ ಇಟ್ಟು, ಬರೀ ಬನಿಯನ್ನಿನಲ್ಲಿ ಮನೆಗೆ ನಡೆದ. ಬೈದಿದ್ದರೆ ಚೆನ್ನಾಗಿತ್ತು.

ದೀಪಾವಳಿಗೆ ಇಪ್ಪತ್ತೆರಡು ದಿನ ಉಳಿದಿತ್ತು. ಹತ್ತು ಹುಡುಗರ ಬಟ್ಟೆ ಕತ್ತರಿಸಿ ಬಿದ್ದಿತ್ತು. ಮದ್ರಾಸಿನಲ್ಲಿ ಫ್ಯಾಷನ್ನೇ ಹೀಗೆ, ಅಂಗಮುತ್ತುವಿಗೆ ಏನು ಗೊತ್ತು ಎಂದು ದಬಾಯಿಸಿಬಿಡೋಣ ಎಂದೆ. ಅವಳು ಅಂಗಿಯನ್ನು ತೊಡೆಯ ಮೇಲೆ ಹರಡಿ ಬಹಳ ಹೊತ್ತು ನೋಡಿದಳು.

“ಹುಡುಗರು ಮುಂದಿಂದ ನೋಡಿದಾರೆ” ಎಂದಳು ಕೊನೆಗೆ. “ಅಷ್ಟು ಸಲ ನೋಡಿದ ಹುಡುಗ ಈ ಅಂಗಿನ ಬಿಚ್ಚಿಟ್ಟು ಹೋದ ಅಂದ್ರೆ ಏನೋ ಇದೆ. ನಾನೂ ಮುಂದೆ ಕೂತು ನೋಡಬೇಕು.”

“ಜನ ಏನಂತಾರೆ?”

“ಇವತ್ತು ಅಂದಿದ್ದಕ್ಕಿಂತ ಜಾಸ್ತಿ ಏನಂತಾರೆ? ಏಳು, ನೀನೂ ಬಾ.”

ಬಿಳಿ ಸೀರೆ ಉಟ್ಟುಕೊಂಡೇ ಅವಳು ಟಿಕೆಟ್ ಕೊಂಡಳು. ಹೆಂಗಸರ ಕಡೆಯ ಮರಳಿನಲ್ಲಿ, ಎಲ್ಲರಿಗಿಂತ ಮುಂದೆ ಹೋಗಿ ಕೂತಳು. ಹಿಂದೆ ಗುಸುಗುಸು ಶುರುವಾಯಿತು, ಗಂಡಸರ ಕಡೆಯಿಂದ ಯಾರೋ ಕೆಮ್ಮಿದರು. ನನಗೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವಂತಾಯಿತು. ಅವಳು ಕಣ್ಣು ಮಿಟುಕಿಸಲಿಲ್ಲ. ಕ್ಯಾಂಟೀನಿನ ದೃಶ್ಯ ಬಂತು. ನಾಯಕ ಹುಡುಗ ಬಲಗೈಯಲ್ಲಿ ಇಡ್ಲಿ ಮುರಿದು ಬಾಯಿಗಿಟ್ಟುಕೊಂಡ. ಮಾರಾತ್ತಾ ನನ್ನ ಮೊಣಕೈಯನ್ನು ನೋಯುವಂತೆ ಹಿಡಿದಳು. ಆಮೇಲೆ ಮೆಟ್ಟಿಲ ಮೇಲಿನ ಹಾಡು ಶುರುವಾದಾಗ ಎದ್ದಳು. ಎಲ್ಲರ ಕಣ್ಣೆದುರಿಗೇ ಪರದೆಯ ಪಕ್ಕದಿಂದ ದಾಟಿ ಹಿಂದಕ್ಕೆ ಹೋದಳು, ಅರ್ಧ ಹಾಡು ಅಲ್ಲಿಂದ ನೋಡಿದಳು, ಮತ್ತೆ ಮುಂದೆ ಬಂದು ಉಳಿದ ಅರ್ಧ ನೋಡಿದಳು. ಜನ ಸಿನಿಮಾ ಬಿಟ್ಟು ಅವಳನ್ನೇ ನೋಡುತ್ತಿದ್ದರು.

ದಾರಿಯಲ್ಲಿ ಅವಳು ನಗುತ್ತಾಳೋ ಅಳುತ್ತಾಳೋ ಎಂದು ನಾನು ಕಾದೆ. ಎರಡೂ ಮಾಡಲಿಲ್ಲ. ನಾಳೆ ಹನ್ನೊಂದು ಹುಡುಗರನ್ನೂ ಕರೆತರಬೇಕು ಎಂದಳು, ಅಷ್ಟೇ. ಅಂಗಡಿಗೆ ಬಂದು, ರಾಕ್ಕಿಯಪ್ಪನದೂ ಸೇರಿ ಐದೂ ಅಂಗಿಗಳ ಕಾಜಾಗಳನ್ನು ಬೆರಳಲ್ಲಿ ಒಂದೊಂದಾಗಿ ಮುಟ್ಟಿ ನೋಡಿದಳು. ನನಗೆ ಅವಳನ್ನು ನೋಡಲಾಗಲಿಲ್ಲ. ಬೆನ್ನು ತಿರುಗಿಸಿ ಕೂತವಳು ಒಂದೇ ಒಂದು ಸಲ ತಿರುಗಿ ನೋಡಿದ್ದರೆ ಸಾಕಾಗಿತ್ತಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಹುಡುಗರು ಕಾಲೇಜು ಮುಗಿಸಿ ಬಂದು ಸಾಲಾಗಿ ನಿಂತರು. ರಾಕ್ಕಿಯಪ್ಪನ್ ಎಲ್ಲರ ಹಿಂದೆ. ಮಾರಾತ್ತಾ ಮೆಷಿನ್ನಿನ ಹಿಂದೆ ಕೂರಲಿಲ್ಲ, ಎದ್ದು ಬಂದು ಅವರ ಎದುರಿಗೆ ನಿಂತಳು.

“ತಪ್ಪು ನಂದು. ನಾನು ಸಿನಿಮಾನ ಹಿಂದಿಂದ ನೋಡಿದೆ, ನಮ್ಮ ಹಿತ್ತಿಲಿಂದ. ಹಿಂದಿಂದ ನೋಡಿದ್ರೆ ಎಡ ಬಲ ಆಗುತ್ತೆ ಅಂತ ನನಗೆ ಹೊಳೀಲಿಲ್ಲ. ಪಟ್ಟಿ ಬಿಚ್ಚಿ, ಕಾಜಾ ಮುಚ್ಚಿ ಸರಿಮಾಡಿ ಕೊಡ್ತೀನಿ. ಗುರುತು ಉಳಿಯುತ್ತೆ, ಉಳಿಯಲ್ಲ ಅಂತ ಸುಳ್ಳು ಹೇಳಲ್ಲ. ಬೇಡ ಅನ್ನೋರು ಬಟ್ಟೆ ತಗೊಂಡು ಹೋಗಿ, ನಾನು ಬೇಜಾರು ಮಾಡ್ಕೊಳಲ್ಲ.”

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡವರೊಬ್ಬರು ತಮ್ಮೆದುರು ತಪ್ಪು ಒಪ್ಪಿಕೊಂಡದ್ದನ್ನು ಅವರು ಅಲ್ಲಿಯವರೆಗೆ ನೋಡಿರಲಿಲ್ಲ ಎಂದು ಕಾಣುತ್ತದೆ. ಮನೆಯಲ್ಲಿ ಅಪ್ಪ, ಕಾಲೇಜಿನಲ್ಲಿ ಮೇಷ್ಟ್ರು, ಬಜಾರಿನಲ್ಲಿ ಅಂಗಮುತ್ತು, ಎಲ್ಲರೂ ಯಾವಾಗಲೂ ಸರಿಯೇ. ಹಿಂದಿನಿಂದ ರಾಕ್ಕಿಯಪ್ಪನ್ ಮುಂದೆ ಬಂದ.

“ಹಿಂದಿಂದಾನಾ ಅಕ್ಕಾ? ನಮಗೂ ತೋರಿಸ್ತೀರಾ?”

ಅದು ಆ ಚಿತ್ರದ ಕೊನೆಯ ದಿನ. ಸಂಜೆ ಹನ್ನೊಂದು ಹುಡುಗರೂ ನಮ್ಮ ಹಿತ್ತಿಲ ಕಲ್ಲಿನ ಮೇಲೆ, ನೀರಿನ ತೊಟ್ಟಿಯ ಮೇಲೆ ಕೂತರು. ನಾಯಕ ಎಡಗೈಯಲ್ಲಿ ಇಡ್ಲಿ ತಿಂದಾಗ ಬಿದ್ದು ಬಿದ್ದು ನಕ್ಕರು. ಪ್ರಿನ್ಸಿಪಾಲರು ಬೆಂಚಿನ ಮುಂದೆ ನಿಂತು, ನೀವು ಮಾಡೋದೆಲ್ಲ ತಿರುಗುಮುರುಗು ಎಂದು ಗದರಿದಾಗ ಮಾತ್ರ ಇದ್ದಕ್ಕಿದ್ದಂತೆ ಸುಮ್ಮನಾದರು. ಆ ದಿನ ನಾನೂ ಸೂಜಿ ಕೆಳಗಿಟ್ಟು ಪರದೆಯ ಕಡೆಗೆ ತಿರುಗಿ ಕೂತಿದ್ದೆ. ಮೆಟ್ಟಿಲ ಹಾಡು ಬಂತು. ಕಾಜಾ ಬಲಗಡೆ, ಜೇಬು ಬಲಗಡೆ, ಹೆಗಲ ಪಟ್ಟಿಯ ಗುಂಡಿಯವರೆಗೆ ನಾವು ಹೊಲಿದದ್ದೇ.

ಹಾಡು ಮುಗಿದ ಮೇಲೆ ರಾಕ್ಕಿಯಪ್ಪನ್ ಒಳಗೆ ಬಂದು ತನ್ನ ಅಂಗಿಯನ್ನು ಎತ್ತಿಕೊಂಡ.

“ಅಕ್ಕಾ, ಅಂಗಿ ಸರಿಯಾಗೇ ಇದೆ. ಏನೂ ಬಿಚ್ಚಬೇಡಿ” ಎಂದ. ಉಳಿದವರೂ ತಮ್ಮವನ್ನು ಹಾಗೇ ಹೊಲಿಯಲು ಹೇಳಿದರು.

ಮರುದಿನ ಅವನು ಅದೇ ಅಂಗಿಯಲ್ಲಿ ಅಂಗಮುತ್ತುವಿನ ಅಂಗಡಿಯ ಮುಂದೆ ಎರಡು ಸಲ ಬೇಕೆಂದೇ ಸೈಕಲ್ ಹೊಡೆದ. ವಾರದಲ್ಲಿ ಹನ್ನೊಂದೂ ಅಂಗಿಗಳು ಉಡುಮಲೈ ಬಸ್ಸು ಹತ್ತಿದವು. ಕಾಲೇಜಿನಲ್ಲಿ ಅದಕ್ಕೆ ಮೂರನೇ ಬೆಂಚಿನ ಅಂಗಿ ಎಂದು ಹೆಸರು ಬಿತ್ತು. ಸಿನಿಮಾದಂಥ ಅಂಗಿಯನ್ನು ಪೇಟೆಯ ಟೈಲರುಗಳೂ ಹೊಲಿದಿದ್ದರು, ಬಲಗಡೆಯ ಕಾಜಾದ್ದು ಮಾತ್ರ ನಮ್ಮ ಹುಡುಗರ ಬಳಿ ಇತ್ತು. ಎಲ್ಲಿ ಹೊಲಿಸಿದ್ದು ಎಂದು ಪೇಟೆಯ ಹುಡುಗರು ಕೇಳಿಕೊಂಡು ಬಂದರು. ದೀಪಾವಳಿಯ ಹಿಂದಿನ ದಿನಕ್ಕೆ ನಲವತ್ತಮೂರು ಅಂಗಿಗಳಾದವು. ನನ್ನ ಬೆರಳಿನ ತುದಿಯಲ್ಲಿ ಚರ್ಮ ಉಳಿದಿರಲಿಲ್ಲ, ಬಾಯಲ್ಲಿ ಬೈಗುಳವೂ ಉಳಿದಿರಲಿಲ್ಲ.

ಆದರೆ ನಲವತ್ತಮೂರರಲ್ಲಿ ಒಬ್ಬನೂ ಟೇಪಿಗೆ ನಿಲ್ಲಲಿಲ್ಲ. ಎಲ್ಲರೂ ಹಳೇ ಅಂಗಿ ತಂದು ಅಳತೆಗೆ ಕೊಟ್ಟವರೇ. ಇದು ಕುಪ್ಪಣ್ಣ ಗೌಂಡರಿಗೂ ಗೊತ್ತಿತ್ತು. ಹಬ್ಬದ ಹಿಂದಿನ ಮಧ್ಯಾಹ್ನ, ಅಂಗಡಿಯಲ್ಲಿ ಹುಡುಗರು ಕಿಕ್ಕಿರಿದಿದ್ದಾಗಲೇ ಬಂದು ಬೆಂಚಿನ ಮೇಲೆ ಕೂತರು. ಮೇಲಿನಿಂದ ಮೂರನೇ ಗುಂಡಿ ಅಂದೂ ಬಿಗಿದು ನರಳುತ್ತಿತ್ತು. ಎದುರಿನ ಅಂಗಡಿಯಲ್ಲಿ ಅಂಗಮುತ್ತು ಕತ್ತರಿ ಹಿಡಿದು ಸುಮ್ಮನೆ ನಿಂತಿದ್ದ.

“ವ್ಯಾಪಾರ ಚೆನ್ನಾಗಿದೆ, ಇಲ್ಲ ಅನ್ನಲ್ಲ” ಎಂದರು ಗೌಂಡರು. “ಆದ್ರೆ ನಾನು ಹೇಳಿದ್ದೇನು? ಮೀಸೆ ಇರೋ ಗಂಡಸು ಕೈ ಎತ್ತಿ ನಿಲ್ಲಬೇಕು ಅಂತ. ಇವು ಹಾಲುಗಲ್ಲದ ಹುಡುಗರು, ಅದೂ ಹಳೇ ಅಂಗಿ ಕೊಟ್ಟು ಹೊಲಿಸ್ಕೊಂಡವು. ಮಾತು ಮಾತೇ ಅಲ್ವಾ ಅಮ್ಮಣಿ?”

ರಾಕ್ಕಿಯಪ್ಪನ್ ತನ್ನ ತುಟಿಯ ಮೇಲೆ ಕೈಯಾಡಿಸಿಕೊಂಡು ಮುಂದೆ ಬರಲು ನೋಡಿದ. ಮಾರಾತ್ತಾ ಕೈಯಲ್ಲೇ ಅವನನ್ನು ತಡೆದು ಮೆಷಿನ್ ನಿಲ್ಲಿಸಿದಳು.

“ಮಾತು ಮಾತೇ, ಗೌಂಡರೇ. ನಾನೂ ನಿಮಗೊಂದು ಮಾತು ಹೇಳಬೇಕು. ನಿಮ್ಮ ಎಡಭುಜ ಬಲಕ್ಕಿಂತ ಅರ್ಧ ಇಂಚು ಇಳಿದಿದೆ. ಅಂಗಮುತ್ತು ಮಾಸ್ತರು ಎರಡನ್ನೂ ಒಂದೇ ಥರ ಕತ್ತರಿಸ್ತಾರೆ. ಅದಕ್ಕೇ ಕಾಲರ್ ಒಂದು ಕಡೆಗೆ ಏರುತ್ತೆ, ಮೂರನೇ ಗುಂಡಿ ನಿಲ್ಲಲ್ಲ. ಹೊಟ್ಟೆ ಮೇಲೆ ಯಾಕೆ ತಪ್ಪು ಹಾಕ್ತೀರಿ?”

ಗೌಂಡರ ಕೈ ತಾನಾಗಿ ಎಡಭುಜಕ್ಕೆ ಹೋಯಿತು. ಮೂವತ್ತು ವರ್ಷದಿಂದ ಆ ಕಾಲರನ್ನು ಎಳೆದೆಳೆದು ಸರಿಮಾಡಿಕೊಂಡ ಕೈ ಅದು.

“ಎಡಭುಜಾನಾ?” ಎಂದರು ಮೀಸೆಯೊಳಗೆ ನಗುತ್ತ. “ಸರಿಯಾಗಿ ನೋಡಿದೀಯೋ, ಇಲ್ಲ ಇದನ್ನೂ ಹಿತ್ತಿಲಿಂದ ನೋಡಿದ್ಯೋ?”

“ಈ ಸಲ ಮುಂದಿಂದಾನೇ ನೋಡಿದೀನಿ” ಎಂದಳು ಮಾರಾತ್ತಾ. ಕುತ್ತಿಗೆಯಲ್ಲಿದ್ದ ಟೇಪನ್ನು ತೆಗೆದು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಬೀದಿಯಿಂದ ಕಾಣುವ ಜಾಗಕ್ಕೆ ಬಂದು ನಿಂತಳು. “ಏಳಿ ಗೌಂಡರೇ. ಕೈ ಎತ್ತಿ.”

ಗೌಂಡರು ಹುಡುಗರನ್ನು ನೋಡಿದರು, ಎದುರಿನ ಅಂಗಡಿಯನ್ನು ನೋಡಿದರು, ತಮ್ಮ ಮೂರನೇ ಗುಂಡಿಯನ್ನು ನೋಡಿಕೊಂಡರು. ಮೊಣಕಾಲಿಗೆ ಕೈಯೂರಿ ಎದ್ದರು. ನಾನು ಸೂಜಿಯಿಂದ ಕಣ್ಣು ತೆಗೆದು ನೋಡುತ್ತಿದ್ದಂತೆ, ಅಷ್ಟು ದೊಡ್ಡ ಮನುಷ್ಯ ಬಜಾರಿಗೆ ಮುಖ ಮಾಡಿ ಎರಡೂ ಕೈ ಮೇಲಕ್ಕೆತ್ತಿ ನಿಂತರು.